1977ರ ಓಟು: ದೇಶ ಒಂದು ಕಡೆ, ನಾವು ಹಸು-ಕರು (ಆಗಿನ ಕಾಂಗ್ರೆಸ್ಸಿನ ಗುರುತು) ಕಡೆ. ನಮ್ಮ ಅಜ್ಜಿಯಂಥವರು ತಪ್ಪು ಮಾಡಿದರಾ?

ಸಾಗರದವಳು:
ಮೊನ್ನೆ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ಅಜ್ಜಿಯ ಟ್ರಂಕು ಇಳಿಸಿದೆವು. ಒಳಗೆ ಎರಡು ಹಳೇ ಸೀರೆ, ಅಜ್ಜನ ಕನ್ನಡಕ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಕಾಗದ. ಭೂ ನ್ಯಾಯಮಂಡಳಿಯ ಆದೇಶ. ಎರಡು ಎಕರೆ ಚಿಲ್ಲರೆ ಗದ್ದೆ ಅಜ್ಜನ ಹೆಸರಿಗೆ ಆಗಿದೆ ಅನ್ನುವ ಕಾಗದ. ಮಡಚಿ ಮಡಚಿ ನಾಲ್ಕು ತುಂಡಾಗಿತ್ತು. ಅಜ್ಜಿ ಹಿಂದಿನಿಂದ ಕ್ಯಾಲೆಂಡರಿನ ಹಾಳೆ ಇಟ್ಟು, ಅನ್ನದ ಅಗುಳು ಉಜ್ಜಿ ಅಂಟಿಸಿದ್ದಾರೆ. ಅಗುಳಿನ ಗುರುತು ಇನ್ನೂ ಕಾಣುತ್ತದೆ.

ಅದನ್ನು ನೋಡುತ್ತಾ ಕೂತಿದ್ದಾಗ ತುರ್ತು ಪರಿಸ್ಥಿತಿಯ ಮಾತು ಬಂತು. ಬೆಂಗಳೂರಿನಿಂದ ಬಂದಿದ್ದ ನನ್ನ ಅಣ್ಣ (ದೊಡ್ಡಪ್ಪನ ಮಗ) ಹೇಳಿದ, "77ರಲ್ಲಿ ಇಡೀ ಉತ್ತರ ಭಾರತ ಇಂದಿರಾ ಗಾಂಧಿಯನ್ನು ಮನೆಗೆ ಕಳಿಸಿತು. ನಮ್ಮ ಜನ ಮಾತ್ರ ಹಸು-ಕರುವಿಗೆ ಓಟು ಹಾಕಿದರು. ಬುದ್ಧಿ ಇರಲಿಲ್ಲ." ಅಜ್ಜಿ ಏನೂ ಹೇಳಲಿಲ್ಲ. ಕಾಗದ ಸುತ್ತಿ ಎತ್ತಿಕೊಂಡು ಒಳಗೆ ಹೋದರು.

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. 1977ರ ಜನವರಿ 18ಕ್ಕೆ ಇಂದಿರಾ ಗಾಂಧಿ ರೇಡಿಯೋದಲ್ಲಿ ಚುನಾವಣೆ ಅಂದರು. ಮಾರ್ಚ್ 16ರಿಂದ 20ರವರೆಗೆ ಓಟು. ನೆನಪಿಡಿ, ಅಷ್ಟೂ ದಿನ ತುರ್ತು ಪರಿಸ್ಥಿತಿ ಹೋಗಿರಲಿಲ್ಲ. ಅದನ್ನು ತೆಗೆದದ್ದು ಮಾರ್ಚ್ 21ಕ್ಕೆ, ಸೋತದ್ದು ಗೊತ್ತಾದ ಮೇಲೆ. ಉತ್ತರ ಪ್ರದೇಶದ 85 ಸೀಟು, ಬಿಹಾರದ 54 ಸೀಟು, ಎರಡರಲ್ಲೂ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಸೊನ್ನೆ. ಕರ್ನಾಟಕದಲ್ಲಿ 28ರಲ್ಲಿ 26 ಕಾಂಗ್ರೆಸ್. ಆಂಧ್ರದಲ್ಲಿ 42ರಲ್ಲಿ 41.

ನನ್ನ ಮಾತು ಇಷ್ಟೇ. ಆ 26 ಸೀಟು ತುರ್ತು ಪರಿಸ್ಥಿತಿಗೆ ನಮ್ಮವರು ಕೊಟ್ಟ ಸರ್ಟಿಫಿಕೇಟ್ ಅಲ್ಲ. ಹಾಗಂತ ಬುದ್ಧಿ ಇಲ್ಲದೆ ಹಾಕಿದ ಓಟೂ ಅಲ್ಲ. ಅದು ಗದ್ದೆಯ ಓಟು. ಉಳುವವನೇ ಹೊಲದೊಡೆಯ ಅಂತ ಆಗಿನ ಮುಖ್ಯಮಂತ್ರಿ, ಕಾಂಗ್ರೆಸ್ಸಿನ ದೇವರಾಜ ಅರಸು 1974ರಲ್ಲಿ ಕಾನೂನು ತಂದರು. ತಲೆತಲಾಂತರದಿಂದ ಗೇಣಿ ಅಳೆದುಕೊಟ್ಟ ಮನೆಗಳಿಗೆ ಮೊದಲ ಸಲ ಸ್ವಂತ ನೆಲ ಅಂತ ಆಯಿತು. ನಮ್ಮ ಅಜ್ಜಿ ದೆಹಲಿ ನೋಡಿಲ್ಲ. ಗದ್ದೆ ನೋಡಿದ್ದಾರೆ. ಇದು ತಪ್ಪಾ?

ಹುಬ್ಬಳ್ಳಿ ಹುಡುಗ:
ತಪ್ಪಲ್ಲ ಅಕ್ಕಾ. ಆದರೆ "ನಮ್ಮವರೆಲ್ಲಾ ಹಸು-ಕರು" ಅನ್ನುವುದೇ ಪೂರ್ತಿ ನಿಜ ಅಲ್ಲ, ಅದನ್ನು ಮೊದಲು ಸರಿ ಮಾಡೋಣ. ಕರ್ನಾಟಕದಲ್ಲಿ ಆ ಸಲ ನೂರರಲ್ಲಿ ಸುಮಾರು 40 ಜನ, ವಿರೋಧ ಪಕ್ಷಗಳು ಸೇರಿ ಕಟ್ಟಿದ ಜನತಾ ಪಕ್ಷಕ್ಕೆ ಹಾಕಿದ್ದಾರೆ. ಸೀಟು ಬಂದದ್ದು ಎರಡೇ, ಹಾಸನ ಮತ್ತು ಬೆಂಗಳೂರು ದಕ್ಷಿಣ. ಸೀಟಿನ ಲೆಕ್ಕ ನೋಡಿದರೆ ಇಡೀ ರಾಜ್ಯ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ, ಓಟಿನ ಲೆಕ್ಕ ನೋಡಿದರೆ ಪ್ರತಿ ಐದು ಜನರಲ್ಲಿ ಇಬ್ಬರು ಬೇಡ ಅಂದಿದ್ದಾರೆ. ಅದೂ ಯಾವಾಗ? ಪೇಪರಿನಲ್ಲಿ ಒಂದೂವರೆ ವರ್ಷ ಒಂದು ವಿರೋಧದ ಸಾಲು ಓದದೆ ಇದ್ದಾಗ.

ಆ ಕಡೆಯೂ ಅಷ್ಟೇ. ಉತ್ತರ ಪ್ರದೇಶದಲ್ಲಿ ಸೊನ್ನೆ ಸೀಟು ಬಂದಾಗಲೂ ಕಾಂಗ್ರೆಸ್ಸಿಗೆ ನೂರಕ್ಕೆ 25ರಷ್ಟು ಓಟು ಬಿದ್ದಿತ್ತು.

ಬೆಂಗಳೂರು ದಕ್ಷಿಣದಲ್ಲಿ ಗೆದ್ದವರು ಯಾರು ಅಂತಲೂ ನೆನಪಿರಲಿ. ಕೆ.ಎಸ್. ಹೆಗ್ಡೆ. ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದವರು. 1973ರಲ್ಲಿ ಕೇಶವಾನಂದ ಭಾರತಿ ಕೇಸಿನಲ್ಲಿ ಸರ್ಕಾರಕ್ಕೆ ಹಿಡಿಸದ ತೀರ್ಪು ಕೊಟ್ಟರು ಅಂತ ಅವರನ್ನೂ ಸೇರಿ ಮೂವರು ಹಿರಿಯರನ್ನು ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷದ ಮೇಲೆ ಹೆಗ್ಡೆ ಜನರ ಹತ್ತಿರ ಹೋಗಿ ಓಟು ಕೇಳಿ ಗೆದ್ದರು, ಆಮೇಲೆ ಲೋಕಸಭೆಯ ಸ್ಪೀಕರ್ ಆದರು. ಆ ಓಟು ಹಾಕಿದವರೂ ನಮ್ಮವರೇ.

ಮೀಸಾ ಕೈದಿಯ ಮಗಳು:
ಸಾಗರದವರೇ, ನಿಮ್ಮ ಬರಹ ಎರಡು ಸಲ ಓದಿದೆ. ನಿಮ್ಮ ಅಜ್ಜಿಯ ಮೇಲೆ ನನಗೆ ಕೋಪ ಇಲ್ಲ. ಆದರೆ ನನ್ನ ಮನೆಯ ಕಥೆಯನ್ನೂ ಕೇಳಿ.

ನನ್ನ ತಂದೆ ಹೈಸ್ಕೂಲ್ ಮೇಷ್ಟ್ರು. ಅವರು ಮಾಡಿದ ತಪ್ಪು ಅಂದರೆ ಸೈಕ್ಲೋಸ್ಟೈಲ್ ಮಾಡಿದ ಕರಪತ್ರ ಹಂಚಿದ್ದು. 1975ರ ಕೊನೆಯಲ್ಲಿ ಒಂದು ರಾತ್ರಿ ಬಂದು ಕರೆದುಕೊಂಡು ಹೋದರು. ನನಗೆ ಆಗ ಒಂಬತ್ತು ವರ್ಷ. ಅಮ್ಮ ಹಾಲು ಹೆಪ್ಪು ಹಾಕುತ್ತಿದ್ದವಳು ಆ ಚಮಚ ಹಿಡಿದುಕೊಂಡೇ ಜಗುಲಿಗೆ ಬಂದಳು. ಯಾಕೆ ಅಂತ ಕೇಳಿದರೆ ಹೇಳಲಿಲ್ಲ. ಎಷ್ಟು ದಿನ ಅಂತ ಹೇಳಲಿಲ್ಲ. ಮೀಸಾ ಅಂದರೆ ಹಾಗೆ, ವಿಚಾರಣೆ ಇಲ್ಲದೆ ಒಳಗಿಡುವ ಕಾನೂನು. ಕಾರಣ ಹೇಳಬೇಕಾಗಿರಲಿಲ್ಲ, ಕೋರ್ಟಿಗೆ ಹಾಜರುಪಡಿಸಬೇಕಾಗಿರಲಿಲ್ಲ.

ತಿಂಗಳಿಗೆ ಒಂದು ಕಾರ್ಡು ಬರುತ್ತಿತ್ತು. ಮೇಲೆ ಜೈಲಿನ ಸೀಲು. ನಡುವೆ ಎರಡು ಮೂರು ಸಾಲು ಕಪ್ಪು ಮಸಿ ಬಳಿದಿರುತ್ತಿತ್ತು. ನಾನು ಮತ್ತು ನನ್ನ ತಮ್ಮ ಆ ಕಾರ್ಡನ್ನು ಬಿಸಿಲಿಗೆ ಹಿಡಿದು ಮಸಿಯ ಕೆಳಗೆ ಏನಿದೆ ಅಂತ ಓದಲು ನೋಡುತ್ತಿದ್ದೆವು. ಒಂದು ಸಲ "ಹಲ್ಲುನೋವು" ಅನ್ನುವ ಪದ ಸಿಕ್ಕಿತು. ಹಲ್ಲುನೋವು ಅಂತ ಬರೆದರೂ ಅಳಿಸುತ್ತಿದ್ದರು.

ಊರಿನಲ್ಲಿ ಯಾರೂ ಮನೆಗೆ ಬರುತ್ತಿರಲಿಲ್ಲ. ಸಂಬಳ ನಿಂತಿತ್ತು. ಅಂಗಡಿಯಲ್ಲಿ ಸಾಲ ಕೊಡಲಿಲ್ಲ. ಹೆದರಿಕೆ ಅಂತ ಈಗ ಅರ್ಥ ಆಗುತ್ತದೆ, ಆಗ ಅರ್ಥ ಆಗಿರಲಿಲ್ಲ. ನಮ್ಮ ಊರಿನವರೂ ಆಮೇಲೆ ಹಸು-ಕರುವಿಗೇ ಹಾಕಿದರು. ಅಪ್ಪ ಹೊರಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಫಲಿತಾಂಶದ ದಿನ ದೇಶ ಗೆದ್ದಿತು ಅಂತ ಖುಷಿಯಿಂದ ಅತ್ತರು. ನಮ್ಮ ಜಿಲ್ಲೆಯ ಲೆಕ್ಕ ಬಂದಾಗ ಎದ್ದು ಹಿತ್ತಲಿಗೆ ಹೋದರು. "ನನಗೋಸ್ಕರ ಒಬ್ಬರೂ ಕೇಳಲಿಲ್ಲವಲ್ಲ" ಅಂದರು. ಅವರು ಅದನ್ನು ಯಾರಿಗೂ ಹೇಳಿದ್ದಲ್ಲ, ನಾನು ಕೇಳಿಸಿಕೊಂಡದ್ದು.

ತುರ್ತು ಪರಿಸ್ಥಿತಿಯ ತಪ್ಪುಗಳನ್ನು ಆಮೇಲೆ ತನಿಖೆ ಮಾಡಿದ ಶಾ ಆಯೋಗದ ವರದಿಯಲ್ಲಿ ಲೆಕ್ಕ ಇದೆ. ಮೀಸಾದಲ್ಲಿ ಸುಮಾರು 35,000 ಜನ, ಡಿಐಆರ್‌ನಲ್ಲಿ (ಭಾರತ ರಕ್ಷಣಾ ನಿಯಮಗಳ ಅಡಿ) 75,000ಕ್ಕೂ ಹೆಚ್ಚು ಜನ ಒಳಗಿದ್ದರು. ಅದರಲ್ಲಿ ಒಬ್ಬರು ನನ್ನಪ್ಪ. ಗದ್ದೆ ಸಿಕ್ಕಿದ್ದು ದೊಡ್ಡದು ಅಂತ ಒಪ್ಪುತ್ತೇನೆ. ಆದರೆ ಗದ್ದೆ ಕೊಟ್ಟರು ಅಂತ ಇದನ್ನು ಮರೆಯಬೇಕಾ?

ಸಾಗರದವಳು:
ಅಕ್ಕ, ನಿಮ್ಮ ಬರಹ ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ಮರೆಯಬಾರದು. ನಾನು ಹಾಗೆ ಹೇಳಿದ್ದರೆ ಕ್ಷಮಿಸಿ.

ಜಯನಗರದಿಂದ:
ಒಂದು ಮಾತು ಕೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಸರ್ವಾಧಿಕಾರಿ ಆಗಿದ್ದರೆ ಚುನಾವಣೆ ಯಾಕೆ ಕರೆಯುತ್ತಿದ್ದರು? ಸೋತ ಮೇಲೆ ಎದ್ದು ಹೋದರು. ಎಷ್ಟು ದೇಶಗಳಲ್ಲಿ ಹೀಗೆ ಆಗಿದೆ? ಅವರು ತಪ್ಪು ಮಾಡಿದರು, ಸರಿ. ಆದರೆ ಅದನ್ನು ನಿರಂಕುಶ ಆಡಳಿತ ಅನ್ನುವುದು ಜಾಸ್ತಿ ಆಯಿತು ಅಂತ ನನಗೆ ಅನ್ನಿಸುತ್ತದೆ.

ಹುಬ್ಬಳ್ಳಿ ಹುಡುಗ:
ಸರ್, ಲೋಕಸಭೆಯ ಐದು ವರ್ಷ ಮುಗಿದದ್ದು 1976ರ ಮಾರ್ಚಿನಲ್ಲಿ. ಚುನಾವಣೆ ಆಗಲೇ ಆಗಬೇಕಿತ್ತು. ಫೆಬ್ರವರಿಯಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿದರು. ನವೆಂಬರಿನಲ್ಲಿ ಮತ್ತೆ ಒಂದು ವರ್ಷ. ಸಂವಿಧಾನದ 42ನೇ ತಿದ್ದುಪಡಿಯಲ್ಲಿ ಅವಧಿಯನ್ನೇ ಆರು ವರ್ಷ ಮಾಡಿದರು. ವಿರೋಧ ಪಕ್ಷದವರು ಜೈಲಿನಲ್ಲಿ ಇರುವಾಗ, ಇದ್ದವರೇ ಕೈ ಎತ್ತಿ ತಮ್ಮ ಅವಧಿ ತಾವೇ ಜಾಸ್ತಿ ಮಾಡಿಕೊಳ್ಳುವುದನ್ನು ಬೇರೆ ಏನು ಅಂತ ಕರೆಯೋಣ?

ಇನ್ನೊಂದು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟ್ ಏನು ಹೇಳಿತು ನೋಡಿ. ತುರ್ತು ಪರಿಸ್ಥಿತಿಯಲ್ಲಿ ಒಬ್ಬ ಮನುಷ್ಯನನ್ನು ಅಕ್ರಮವಾಗಿ ಹಿಡಿದಿಟ್ಟರೂ ಅವನು ಕೋರ್ಟಿಗೆ ಹೋಗುವ ಹಾಗಿಲ್ಲ. ಐವರು ಜಡ್ಜ್‌ಗಳಲ್ಲಿ ನಾಲ್ವರು ಹೌದು ಅಂದರು. ಎಚ್.ಆರ್. ಖನ್ನಾ ಒಬ್ಬರೇ ಇಲ್ಲ ಅಂದರು. ಚುನಾವಣೆ ಘೋಷಣೆ ಆದ ಅದೇ ಜನವರಿಯಲ್ಲಿ ಅವರನ್ನು ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಒಂದು ಕೈಯಲ್ಲಿ ಚುನಾವಣೆ, ಇನ್ನೊಂದು ಕೈಯಲ್ಲಿ ಇದು.

ಎದ್ದು ಹೋದರು ಅನ್ನುವುದು ನಿಜ. ಅದಕ್ಕೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ.

ದುಬೈ ಕನ್ನಡಿಗ:
ಈ "ಎದ್ದು ಹೋಗುವ" ವಿಷಯಕ್ಕೆ ನಾನು ಒಂದು ಮಾತು ಸೇರಿಸುತ್ತೇನೆ. ನಾನಿರುವ ಕಡೆ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬ ಹಿರಿಯರಿದ್ದರು, ಕರಾಚಿಯವರು. ಒಂದು ದಿನ ಚಹಾ ಕುಡಿಯುವಾಗ 1977 ಅಂತ ಮಾತು ಬಂತು. ನಾನು ನಮ್ಮ ಚುನಾವಣೆ ಅಂದುಕೊಂಡೆ. ಅವರು ಹೇಳುತ್ತಿದ್ದದ್ದು ಅವರ ಚುನಾವಣೆ.

ಯೋಚಿಸಿ ನೋಡಿ, ಒಂದೇ ತಿಂಗಳು. ಪಾಕಿಸ್ತಾನದಲ್ಲಿ ಮಾರ್ಚ್ 7ಕ್ಕೆ ಓಟು, ಇಲ್ಲಿ 16ಕ್ಕೆ ಶುರು. ಅಲ್ಲಿ ಪ್ರಧಾನಿ ಭುಟ್ಟೋ, ಅವರೂ ಅವಧಿಗೆ ಮೊದಲೇ ಚುನಾವಣೆ ಕರೆದರು, ಅದೂ ಜನವರಿಯಲ್ಲೇ. ಅಲ್ಲೂ ಚೆಲ್ಲಾಪಿಲ್ಲಿಯಾಗಿದ್ದ ವಿರೋಧ ಪಕ್ಷಗಳು ಒಂದೇ ಗುರುತಿನ ಕೆಳಗೆ ಸೇರಿದವು. ಆದರೆ ಅಲ್ಲಿ ಭುಟ್ಟೋ ಲಾರ್ಕಾನಾದಲ್ಲಿ ಅವಿರೋಧವಾಗಿ ಆಯ್ಕೆಯಾದರು. ಎದುರು ನಿಲ್ಲಬೇಕಿದ್ದವರು ನಾಮಪತ್ರ ಕೊಡದ ಹಾಗೆ ನನ್ನನ್ನು ಹಿಡಿದಿಟ್ಟರು ಅಂತ ಆರೋಪ ಮಾಡಿದರು. 200 ಸೀಟಿನಲ್ಲಿ ಭುಟ್ಟೋ ಪಕ್ಷಕ್ಕೆ 155, ವಿರೋಧಿ ಕೂಟಕ್ಕೆ 36 ಅಂತ ಫಲಿತಾಂಶ ಬಂತು. ಜನ ನಂಬಲಿಲ್ಲ. ಮೂರು ದಿನ ಬಿಟ್ಟು ನಡೆದ ಪ್ರಾಂತ್ಯಗಳ ಚುನಾವಣೆಯನ್ನು ವಿರೋಧ ಪಕ್ಷಗಳು ಬಹಿಷ್ಕರಿಸಿದವು. ಬೀದಿಯಲ್ಲಿ ಗಲಾಟೆ, ಗುಂಡು, ಕರ್ಫ್ಯೂ. ಜುಲೈ 5ಕ್ಕೆ ಸೇನಾ ಮುಖ್ಯಸ್ಥ ಜಿಯಾ ಉಲ್ ಹಕ್ ಸೇನೆ ತಂದು ಕೂತರು. 90 ದಿನದಲ್ಲಿ ಚುನಾವಣೆ ಅಂದರು. ಹನ್ನೊಂದು ವರ್ಷ ಕೂತರು.

ಆ ಹಿರಿಯರು ಒಂದು ಮಾತು ಹೇಳಿದರು. ಭುಟ್ಟೋ ಮೋಸ ಮಾಡದೆ ಇದ್ದರೂ ಗೆಲ್ಲುತ್ತಿದ್ದರು ಅಂತ ಅವರ ಮನೆಯಲ್ಲಿ ಎಲ್ಲರೂ ನಂಬಿದ್ದರಂತೆ. ಅವರ ತಂದೆ ಭುಟ್ಟೋ ಪಕ್ಷದವರೇ. ತಮ್ಮ ಪಕ್ಷವೇ ತಮ್ಮ ಓಟಿಗೆ ಬೆಲೆ ಇಲ್ಲದ ಹಾಗೆ ಮಾಡಿತು ಅಂತ ಅವರು ಸಾಯುವವರೆಗೂ ಕೊರಗಿದರಂತೆ.

ಅದನ್ನು ಕೇಳಿದ ಮೇಲೆ ನನಗೆ ನಮ್ಮ 1977 ಬೇರೆ ಥರ ಕಾಣಿಸಿತು. ಇಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು 55,202 ಓಟಿನಿಂದ ಸೋತರು. 1975ರಲ್ಲಿ ಅಲಹಾಬಾದ್ ಕೋರ್ಟಿನಲ್ಲಿ ಅವರ ಆಯ್ಕೆಯನ್ನು ರದ್ದು ಮಾಡಿಸಿದ್ದು ಇದೇ ರಾಜ್ ನಾರಾಯಣ್. ಕೋರ್ಟಿನಲ್ಲಿ ಸೋತಾಗ ಕಾನೂನೇ ಬದಲಾಯಿಸಿದರು. ಓಟಿನಲ್ಲಿ ಸೋತಾಗ ಬದಲಾಯಿಸಲು ಆಗಲಿಲ್ಲ. ಯಾಕೆ? ಒಬ್ಬರ ದೊಡ್ಡ ಮನಸ್ಸು ಅಂತ ನನಗೆ ಅನ್ನಿಸುವುದಿಲ್ಲ. ಬೂತಿನಲ್ಲಿ ಕೂತ ಮೇಷ್ಟ್ರುಗಳು, ಎಣಿಸಿದ ಗುಮಾಸ್ತರು, ಕಾಗದಕ್ಕೆ ಸಹಿ ಹಾಕಿದ ಅಧಿಕಾರಿಗಳು, ಅವರೆಲ್ಲಾ ಇದ್ದದ್ದನ್ನು ಇದ್ದ ಹಾಗೆ ಬರೆದರು. ತುರ್ತು ಪರಿಸ್ಥಿತಿಯಲ್ಲಿ ಉಳಿದ ಎಷ್ಟೋ ಕಡೆ ಹೀಗೆ ಆಗಲಿಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು ಕಡೆ:
ಬೂತಿನಲ್ಲಿ ಕೂತ ಮೇಷ್ಟ್ರು ಅಂದಿರಲ್ಲ, ಅದರಲ್ಲಿ ನಾನೂ ಒಬ್ಬ. ಈಗ 76 ವರ್ಷ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಆಗ ನನಗೆ ಕೆಲಸ ಸಿಕ್ಕಿ ಮೂರು ವರ್ಷ. ಎರಡನೇ ಪೋಲಿಂಗ್ ಆಫೀಸರ್ ಅಂತ ಹಾಕಿದ್ದರು. ಹಿಂದಿನ ದಿನ ತಾಲ್ಲೂಕು ಆಫೀಸಿನಿಂದ ಸಾಮಾನು ತೆಗೆದುಕೊಂಡು ಲಾರಿಯಲ್ಲಿ ಹೋದೆವು. ಕಬ್ಬಿಣದ ಮತಪೆಟ್ಟಿಗೆ, ಅರಗು, ಮೇಣದಬತ್ತಿ, ದಾರ, ಶಾಯಿ ಶೀಶೆ, ಚೀಟಿ ಪುಸ್ತಕ. ರಾತ್ರಿ ಶಾಲೆಯ ಬೆಂಚು ಜೋಡಿಸಿ ಮಲಗಿದೆವು. ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಆ ಎರಡು ವರ್ಷ ಸರ್ಕಾರಿ ನೌಕರರಿಗೆ ಸಣ್ಣ ತಪ್ಪಾದರೂ ಏನಾಗುತ್ತದೋ ಅನ್ನುವ ಭಯ. ಬಸ್ಸು ಸರಿಯಾದ ಟೈಮಿಗೆ ಬರುತ್ತಿತ್ತು, ಆಫೀಸಿನಲ್ಲಿ ಎಲ್ಲರೂ ಕೂತಿರುತ್ತಿದ್ದರು ಅಂತ ಈಗಲೂ ಹೊಗಳುವವರಿದ್ದಾರೆ. ನಾವು ಹೆದರಿ ಕೂತಿದ್ದೆವು ಸ್ವಾಮಿ.

ಬೆಳಿಗ್ಗೆ ಖಾಲಿ ಪೆಟ್ಟಿಗೆ ತೋರಿಸಿ ಏಜೆಂಟರ ಎದುರು ಸೀಲು ಮಾಡಬೇಕು. ಹಸು-ಕರು ಕಡೆಯ ಏಜೆಂಟರು ಇಬ್ಬರಿದ್ದರು, ಒಬ್ಬರು ಬದಲಿಗೆ. ಜನತಾ ಕಡೆಯವರು ಯಾರೂ ಇಲ್ಲ. ಅವರದು ಹೊಸ ಪಕ್ಷ, ಜನವರಿಯಲ್ಲಿ ಸೇರಿಕೊಂಡದ್ದು, ಸ್ವಂತ ಗುರುತೂ ಇರಲಿಲ್ಲ, ಲೋಕದಳದ ನೇಗಿಲು ಹೊತ್ತ ರೈತನ ಗುರುತಿನಲ್ಲಿ ನಿಂತಿದ್ದರು. ಏಜೆಂಟರಾಗಿ ಕೂರಲು ಜನ ಹೆದರುತ್ತಿದ್ದರು. ಎಂಟು ಗಂಟೆ ಕಳೆದ ಮೇಲೆ ಒಬ್ಬ ಹುಡುಗ ಬಂದ. ಟೈಲರ್. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದ. ನೇಮಕದ ಕಾಗದ ಕೊಟ್ಟು ಮೂಲೆಯ ಬೆಂಚಿನಲ್ಲಿ ಕೂತ. ಸಂಜೆಯವರೆಗೂ ನೀರು ಕುಡಿಯಲೂ ಎದ್ದು ಹೋಗಲಿಲ್ಲ. ಎದ್ದರೆ ವಾಪಸ್ ಕೂರಿಸುವುದಿಲ್ಲವೇನೋ ಅಂದುಕೊಂಡಿದ್ದನೋ ಏನೋ. ನಮ್ಮ ಪ್ರಿಸೈಡಿಂಗ್ ಆಫೀಸರ್ ಹಳೇ ಕಾಲದ ಹೆಡ್ಮಾಸ್ಟರು. ಮಧ್ಯಾಹ್ನ ತಮ್ಮ ಬುತ್ತಿಯ ಚಿತ್ರಾನ್ನದಲ್ಲಿ ಅರ್ಧ ಎಲೆಗೆ ಹಾಕಿ ಅವನ ಮುಂದೆ ಇಟ್ಟರು. ಆಮೇಲೆ ಇನ್ನೊಂದು ಕಡೆಯವರಿಗೂ ಸ್ವಲ್ಪ ಕೊಟ್ಟರು. ಪಕ್ಷಪಾತ ಅಂತ ಆಗಬಾರದಲ್ಲ.

ನಮ್ಮ ಬೂತಿನಲ್ಲಿ ಒಂದು ಓಟೂ ಕಳ್ಳ ಓಟು ಬೀಳಲಿಲ್ಲ. ನನ್ನ ಕಣ್ಣೆದುರು ನಡೆದದ್ದು, ಪ್ರಮಾಣ ಮಾಡಿ ಹೇಳುತ್ತೇನೆ. ಬೇರೆ ಬೂತಿನದು ನಾನು ಹೇಳಲಾರೆ. ಆದರೆ ಸರಿಯಾಗಿ ಬಿದ್ದ ಓಟು ಅಂದ ಮಾತ್ರಕ್ಕೆ ಹೆದರಿಕೆ ಇಲ್ಲದೆ ಬಿದ್ದ ಓಟು ಅಂತ ಅಲ್ಲ. ಎರಡೂ ಬೇರೆ ಬೇರೆ.

ಜಯನಗರದಿಂದ:
ಮೇಷ್ಟ್ರೇ, ನಮಸ್ಕಾರ. ನಿಮ್ಮ ಕೊನೆಯ ಎರಡು ಸಾಲಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಮೇಲೆ ಬರೆದ ಮಾತು ಅವಸರದಲ್ಲಿ ಬರೆದದ್ದು.

ತೀರ್ಥಹಳ್ಳಿ ಕಡೆಯವನು:
ಸಾಗರದವರು ಗದ್ದೆಯ ಓಟು ಅಂದರು. ಪೂರ್ತಿ ಒಪ್ಪುತ್ತೇನೆ. ಆದರೆ ಅದರೊಳಗೆ ಇನ್ನೂ ಎರಡು ಸುರುಳಿ ಇದೆ, ಬಿಡಿಸಿ ನೋಡಬೇಕು.

ಮೊದಲನೆಯದು. ಗೇಣಿದಾರನಿಗೆ ನೆಲ ಅಂತ ನಮ್ಮ ಕಡೆ ಮೊದಲು ಕೂಗಿದ್ದು ಯಾರು? ಸಾಗರದ ಪಕ್ಕದ ಕಾಗೋಡು. 1951. ಧಣಿಗಳು ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಮಾಡಿಕೊಂಡಿದ್ದರು. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಒಂದು ಕೊಳಗ. ಅಲ್ಲಿಂದ ಶುರುವಾಗಿ ಉಳುವವನಿಗೇ ಭೂಮಿ ಅನ್ನುವವರೆಗೆ ಹೋಯಿತು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿಗಳು ಜೊತೆಗೆ ನಿಂತರು, ಶಾಂತವೇರಿ ಗೋಪಾಲಗೌಡರು ಇದ್ದರು, ಲೋಹಿಯಾ ಬಂದು ಅರೆಸ್ಟ್ ಆದರು. ಆ ಬೇಡಿಕೆ ಕಾನೂನಾಗಿ ಬಂದದ್ದು ಇಪ್ಪತ್ತಮೂರು ವರ್ಷದ ಮೇಲೆ, ಕಾಂಗ್ರೆಸ್ಸಿನ ಅರಸು ಕೈಯಿಂದ. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ಹೋದರು. ಅವರ ದಾರಿಯಲ್ಲಿ ಬಂದ ಜೆ.ಎಚ್. ಪಟೇಲರಂಥವರು ತುರ್ತು ಪರಿಸ್ಥಿತಿಯಲ್ಲಿ ಜೈಲಿನಲ್ಲಿದ್ದರು. ಅಂದರೆ ನೆಲಕ್ಕಾಗಿ ಹೋರಾಡಿದ ಗುಂಪು ಒಂದು ಕಡೆ, ನೆಲ ಕೊಟ್ಟ ಸರ್ಕಾರ ಇನ್ನೊಂದು ಕಡೆ. ಗೇಣಿದಾರ ನಡುವೆ. ಅವನಿಗೆ ಎಂಥ ಸಂಕಟ ಆಗಿರಬೇಕು. ನಮ್ಮ ಚಿಕ್ಕಪ್ಪ ಸಮಾಜವಾದಿ, 77ರಲ್ಲಿ ಮನೆಮನೆಗೆ ಹೋಗಿ ಓಟು ಕೇಳಿದವರು. ಎಲ್ಲ ಕಡೆ ಕೂರಿಸಿ ಕಾಫಿ ಕೊಟ್ಟರಂತೆ, ಒಂದು ರೂಪಾಯಿ ಎರಡು ರೂಪಾಯಿ ಚಂದಾ ಕೂಡ ಕೊಟ್ಟರಂತೆ. ಓಟು ಮಾತ್ರ ಕೊಡಲಿಲ್ಲ.

ಎರಡನೆಯದು. ಇದನ್ನು ಯಾರೂ ಹೇಳುವುದಿಲ್ಲ. 77ರ ಮಾರ್ಚಿನಲ್ಲಿ ಎಷ್ಟು ಜನರಿಗೆ ನೆಲ ಕೈಗೆ ಬಂದಿತ್ತು? ತುಂಬಾ ಮನೆಗಳಲ್ಲಿ ಆಗಿನ್ನೂ ಡಿಕ್ಲರೇಷನ್ (ಈ ನೆಲ ಉಳುವವನು ನಾನು ಅನ್ನುವ ಅರ್ಜಿ) ಹಾಕಿ ಕಾಯುತ್ತಿದ್ದರು. ನಮೂನೆ 7 ತುಂಬಿ ಕೊಟ್ಟು, ಟ್ರಿಬ್ಯುನಲ್ಲಿಗೆ, ಅಂದರೆ ಭೂ ನ್ಯಾಯಮಂಡಳಿಗೆ, ಅಲೆಯುತ್ತಿದ್ದರು. ಟ್ರಿಬ್ಯುನಲ್ ಅಂದರೆ ಏನು? ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸದಸ್ಯರು ಸರ್ಕಾರ ನೇಮಿಸಿದವರು. ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅದು ಬಡವನಿಗೆ ಒಳ್ಳೆಯದೇ, ಧಣಿಯ ವಕೀಲನ ಎದುರು ಅವನು ನಿಲ್ಲಬೇಕಾಗಿರಲಿಲ್ಲ. ಆದರೆ ಅದರ ಅರ್ಥ ಇನ್ನೊಂದೂ ಇದೆ. ನಿನ್ನ ಗದ್ದೆ ನಿನಗೆ ಆಗುವುದು ಬಿಡುವುದು ಸರ್ಕಾರದವರ ಕೈಯಲ್ಲಿದೆ. ಫೈಲು ಅವರ ಮೇಜಿನ ಮೇಲಿರುವಾಗ ಯಾರಾದರೂ ಸರ್ಕಾರ ಬದಲಾಯಿಸಲು ಹೋಗುತ್ತಾರಾ? ಬದಲಾದರೆ ಧಣಿಗಳು ವಾಪಸ್ ಬಂದು ಬಿಡುತ್ತಾರೆ ಅಂತ ನಮ್ಮ ಕಡೆ ಗಟ್ಟಿಯಾಗಿ ಸುದ್ದಿ ಇತ್ತು.

ಹಾಗಾಗಿ ಅದು ಋಣದ ಓಟು, ಆಸೆಯ ಓಟು, ಹೆದರಿಕೆಯ ಓಟು. ಮೂರೂ ಒಂದೇ ಚೀಟಿಯಲ್ಲಿ. ಅದಕ್ಕೇ ಈ ಕಡೆಯವರು "ಜನ ಮೆಚ್ಚಿದರು" ಅಂದಾಗಲೂ ನನಗೆ ಒಪ್ಪಿಗೆ ಆಗುವುದಿಲ್ಲ, ಆ ಕಡೆಯವರು "ಜನ ಮೋಸ ಹೋದರು" ಅಂದಾಗಲೂ ಆಗುವುದಿಲ್ಲ.

ಉತ್ತರದಲ್ಲಿ ಬೇರೆ ಥರ ಆಗಲು ಕಾರಣ ಕಣ್ಣಿಗೆ ಕಾಣುವಂತಿದೆ. ಅಲ್ಲಿ ಸರ್ಕಾರ ಮನೆಯೊಳಗೆ ಬಂದದ್ದು ಆಪರೇಷನ್ ರೂಪದಲ್ಲಿ. 1976-77 ಒಂದೇ ವರ್ಷದಲ್ಲಿ ದೇಶದಲ್ಲಿ 81 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್. ಮೇಷ್ಟ್ರುಗಳಿಗೆ ಇಷ್ಟು ಜನರನ್ನು ತರಬೇಕು ಅಂತ ಲೆಕ್ಕ, ತರದಿದ್ದರೆ ಸಂಬಳ ಇಲ್ಲ. ದೆಹಲಿಯ ತುರ್ಕ್‌ಮಾನ್ ಗೇಟಿನಲ್ಲಿ ಬುಲ್ಡೋಜರ್, ಗುಂಡು. ನಮ್ಮಲ್ಲೂ ಆಪರೇಷನ್ ಕ್ಯಾಂಪು ಇತ್ತು, ಆದರೆ ಅಲ್ಲಿಯ ಹಾಗೆ ಊರಿಗೆ ಊರೇ ರಾತ್ರಿ ಹೊಲದಲ್ಲಿ ಅಡಗಿ ಕೂತದ್ದಲ್ಲ. ಅಲ್ಲಿ ನಮ್ಮ ಅಜ್ಜಿಯರಿದ್ದರೆ ಅವರೂ ನೇಗಿಲಿಗೇ ಹಾಕುತ್ತಿದ್ದರು.

ಮೀಸಾ ಕೈದಿಯ ಮಗಳು:
ತೀರ್ಥಹಳ್ಳಿಯವರೇ, ಟ್ರಿಬ್ಯುನಲ್ಲಿನ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಊರಿನ ಕೆಲವು ಮುಖಗಳು ನೆನಪಾದವು.

ಹೋದ ವರ್ಷ ಮಗನ ಜೊತೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಅದೇ ಹಳೇ ಸೆಂಟ್ರಲ್ ಜೈಲು. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಇದ್ದ ಜೈಲು, ಅವರು ಸಂಸತ್ತಿನ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಾಗಲೇ ಹಿಡಿದದ್ದು. ಸ್ನೇಹಲತಾ ರೆಡ್ಡಿ ಇದ್ದದ್ದೂ ಅಲ್ಲೇ. ನಾಟಕದವರು, ಸಿನಿಮಾದವರು, ಆಸ್ತಮಾ ಇತ್ತು. ಎಂಟು ತಿಂಗಳು ಒಳಗಿಟ್ಟರು. 1977ರ ಜನವರಿ 15ಕ್ಕೆ ಹೊರಗೆ ಬಿಟ್ಟರು. 18ಕ್ಕೆ ಚುನಾವಣೆ ಘೋಷಣೆ. 20ಕ್ಕೆ ತೀರಿಕೊಂಡರು. ಎರಡು ದಿನ ಮಾತ್ರ ಅವರು ಚುನಾವಣೆ ಬರುತ್ತದೆ ಅಂತ ತಿಳಿದು ಬದುಕಿದ್ದರು, ಅದನ್ನು ತಿಳಿಯುವಷ್ಟು ಉಸಿರು ಇತ್ತೋ ಇಲ್ಲವೋ.

ಮಗ ಅಲ್ಲಿಯ ಗೋಡೆ ಮುಟ್ಟಿ ನೋಡಿ, "ತಾತ ಇಲ್ಲಿದ್ರಾ?" ಅಂದ. ಇಲ್ಲ ಕಣೋ, ಬೇರೆ ಊರು ಅಂದೆ. ಪಕ್ಕದಲ್ಲಿ ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ಬೇಜಾರಾಗಲಿಲ್ಲ, ಹುಡುಗರಿಗೆ ಹೇಳುವವರು ಬೇಕಲ್ಲ.

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೈಲಿನೊಳಗಿಂದಲೇ ಬಿಹಾರದ ಮುಜಾಫರ್‌ಪುರದಲ್ಲಿ ನಿಂತರು. ಒಂದು ದಿನವೂ ಪ್ರಚಾರಕ್ಕೆ ಹೋಗಲಿಲ್ಲ. ಬೇಡಿ ಹಾಕಿದ ಕೈ ಎತ್ತಿದ ಫೋಟೋ ಪೋಸ್ಟರ್ ಆಗಿ ಊರೂರಿಗೆ ಹೋಯಿತು. ಮೂರು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಪ್ಪ ಆ ಫೋಟೋವನ್ನು ಪೇಪರಿನಿಂದ ಕತ್ತರಿಸಿ ಪಂಚಾಂಗದೊಳಗೆ ಇಟ್ಟಿದ್ದರು. ಭಾಷೆ ಗೊತ್ತಿಲ್ಲದ, ಮುಖ ನೋಡದ ಬಿಹಾರದ ಜನ ಒಬ್ಬ ಕನ್ನಡದ ಕೈದಿಯನ್ನು ಕೇಳಿದರು ಅಂತ ಅವರಿಗೆ ಸಮಾಧಾನ.

ಸಾಗರದವಳು:
ನಿನ್ನೆ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ಇಲ್ಲಿ ಬಂದದ್ದನ್ನೆಲ್ಲಾ ಒಂದೊಂದಾಗಿ ಓದಿ ಹೇಳಿದೆ. ಮೀಸಾ ಅಕ್ಕನ ಮನೆಯ ಕಾರ್ಡಿನ ವಿಷಯ ಹೇಳುವಾಗ ಅಜ್ಜಿ "ನಿಲ್ಲಿಸು ಸ್ವಲ್ಪ" ಅಂದರು.

ಜನ ಜೈಲಿನಲ್ಲಿದ್ದದ್ದು ನಿನಗೆ ಗೊತ್ತಿತ್ತಾ ಅಜ್ಜಿ ಅಂತ ಕೇಳಿದೆ. ಗೊತ್ತಿತ್ತು ಅಂದರು. ನಮ್ಮ ಊರಿನಿಂದಲೂ ಒಬ್ಬರನ್ನು ಹಿಡಿದುಕೊಂಡು ಹೋಗಿದ್ದರಂತೆ. ಆ ಮನೆಗೆ ಅಜ್ಜಿ ಕತ್ತಲಾದ ಮೇಲೆ ಹಿತ್ತಲ ಬಾಗಿಲಿನಲ್ಲಿ ಅಕ್ಕಿ ಕೊಟ್ಟು ಬರುತ್ತಿದ್ದರಂತೆ, ಅಜ್ಜನಿಗೂ ಹೇಳದೆ. ಅಜ್ಜನ ಡಿಕ್ಲರೇಷನ್ ಆಗ ಟ್ರಿಬ್ಯುನಲ್ಲಿನಲ್ಲಿತ್ತು. ಯಾರಾದರೂ ನೋಡಿದರೆ ಗದ್ದೆ ಹೋಗುತ್ತದೆ ಅಂತ ಹೆದರಿಕೆ. ನಮ್ಮ ಅಪ್ಪನಿಗೂ ಇದು ಇವತ್ತೇ ಗೊತ್ತಾದದ್ದು.

ಆಮೇಲೆ ಫೋನ್ ಇಡುವಾಗ ಒಂದು ಪ್ರಶ್ನೆ ಕೇಳಿದರು. "ಆ ತುಮಕೂರಿನ ಮೇಷ್ಟ್ರಿಗೆ ಕೇಳು. ಚೀಟಿ ಕೊಡುವಾಗ ನಮ್ಮ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರಲ್ಲ, ಆಮೇಲೆ ಅದನ್ನು ನೋಡಿ ಯಾರು ಯಾರಿಗೆ ಹಾಕಿದ್ದು ಅಂತ ಕಂಡುಹಿಡಿಯಲು ಆಗುತ್ತಿತ್ತಾ?" ಯಾಕೆ ಅಜ್ಜಿ ಅಂದೆ. ಸುಮ್ನೆ ಕೇಳಿದೆ ಅಂದರು.

ಅಜ್ಜಿ ಹಸು-ಕರುವಿಗೆ ಹಾಕಿದ್ದು ಅಂತ ನಾನು ಮೊದಲನೇ ಬರಹದಲ್ಲಿ ಬರೆದಿದ್ದೆ. ಅದು ನಾನು ಅಂದುಕೊಂಡದ್ದು. ಅವರು ಯಾವತ್ತೂ ಬಾಯಿಬಿಟ್ಟು ಹೇಳಿದ್ದಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು ಕಡೆ:
ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದದ್ದು ಚೀಟಿಯ ಮೇಲೆ ಅಲ್ಲ, ಪುಸ್ತಕದಲ್ಲಿ ಉಳಿಯುವ ಕೌಂಟರ್‌ಫಾಯಿಲ್ ಮೇಲೆ. ಚೀಟಿಗೂ ಅದಕ್ಕೂ ಒಂದೇ ನಂಬರು ಇರುತ್ತಿತ್ತು, ಅದು ನಿಜ. ಆದರೆ ಓಟು ಮುಗಿದ ತಕ್ಷಣ ಆ ಪುಸ್ತಕಗಳನ್ನು ಬೇರೆ ಲಕೋಟೆಗೆ ಹಾಕಿ, ಎಲ್ಲರ ಎದುರು ಅರಗು ಹಾಕಿ ಸೀಲು ಮಾಡುತ್ತಿದ್ದೆವು. ಎಣಿಸುವ ಕಡೆ ಅದನ್ನು ಬಿಚ್ಚುವುದಿಲ್ಲ. ಕೋರ್ಟಿನ ಅಪ್ಪಣೆ ಇಲ್ಲದೆ ಯಾರೂ ಬಿಚ್ಚುವ ಹಾಗಿಲ್ಲ. ಅವಧಿ ಕಳೆದ ಮೇಲೆ ಎಲ್ಲವನ್ನೂ ನಾಶ ಮಾಡುತ್ತಾರೆ.

ನಮ್ಮ ಬೂತಿನಲ್ಲಿ ಆ ಲಕೋಟೆಗೆ ಅರಗು ಹಾಕಿದವನು ನಾನೇ. ಬೆರಳು ಸುಟ್ಟುಕೊಂಡಿದ್ದೆ. ಅವರ ಬೂತಿನಲ್ಲೂ ನನ್ನಂಥ ಒಬ್ಬ ಮೇಷ್ಟ್ರು ಹಾಕಿರುತ್ತಾನೆ. ಅಮ್ಮನವರಿಗೆ ಹೇಳಿ, ಯಾರೂ ನೋಡಿಲ್ಲ.